ಎಚ್‌ಬಿಎ1ಸಿ ಹೇಳುವುದೆಷ್ಟು, ಬಿಡುವುದೆಷ್ಟು

ಕೇಳುಗರಿಗೆ ನಮಸ್ಕಾರ.

ಸಕ್ಕರೆ ಕಾಯಿಲೆಯವರಿಗೆ ನಾಳಿದ್ದು ರಕ್ತ ಪರೀಕ್ಷೆ ಎಂದರೆ ಇವತ್ತಿನಿಂದಲೇ ಬೆಲ್ಲದ ಕಾಫಿ, ಕಡಂಬುಟ್ಟು ಎಲ್ಲ ಬಂದ್. ಇದರಿಂದ ಖಾಲಿ ಹೊಟ್ಟೆಯ ಸಕ್ಕರೆ ಸ್ವಲ್ಪ ಇಳಿದೀತು. ಎಚ್‌ಬಿಎ1ಸಿ ಅಂಕಿ ಕದಲುವುದಿಲ್ಲ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅಷ್ಟು ದಿನವೂ ಅದರೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಹಾಗೆ ಅಂಟಿದ್ದು ಶೇಕಡಾ ಎಷ್ಟು ಎಂಬುದೇ ಈ ಅಂಕಿ. 7 ಬಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಸುಮಾರು 154 ಮಿಲಿಗ್ರಾಂ, 8 ಬಂದರೆ 183. ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನದಲ್ಲಿ ಈ ಅಂಕಿ 1 ಇಳಿದಲ್ಲೆಲ್ಲ ಕಣ್ಣು, ಮೂತ್ರಪಿಂಡಗಳ ಸಣ್ಣ ರಕ್ತನಾಳಗಳ ಹಾನಿ ಶೇಕಡಾ 37ರಷ್ಟು ಕಡಿಮೆ ಕಂಡಿತು.

ಆದರೆ ಅಳೆಯುವುದು ರಕ್ತಕಣದ ಮೂಲಕವಾದ್ದರಿಂದ, ಕಣದಲ್ಲೇ ದೋಷವಿದ್ದರೆ ಅಂಕಿಯೂ ತಪ್ಪುತ್ತದೆ. ಕಬ್ಬಿಣಾಂಶ ಕಡಿಮೆಯಿರುವ ಹೆಂಗಸರಲ್ಲಿ ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು. ಕೆಂಪು ಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯಲ್ಲಿ ಕಣಗಳು ಬೇಗ ಸಾಯುತ್ತವೆ, ಅಂಕಿ ಸುಳ್ಳೇ ಕಡಿಮೆ ಬರುತ್ತದೆ. ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲೂ ನಂಬುವಂತಿಲ್ಲ. ಮನೆಯ ಗ್ಲುಕೋಮೀಟರ್ ದಿನವೂ 200 ದಾಟುತ್ತಿದ್ದು, ಲ್ಯಾಬಿನ ಚೀಟಿ 6.5 ಎಂದರೆ ಸಮಾಧಾನಪಡಬೇಡಿ. ಎರಡನ್ನೂ ವೈದ್ಯರ ಮುಂದಿಟ್ಟು ಹಿಮೋಗ್ಲೋಬಿನ್ ನೋಡಿಸಿ. ಫ್ರಕ್ಟೋಸಮೈನ್ ಪರೀಕ್ಷೆ ಬೇಕೇ ಎಂದು ಕೇಳಿ. ಅದು ಎರಡು ಮೂರು ವಾರದ ಸಕ್ಕರೆಯ ಲೆಕ್ಕ ಕೊಡುತ್ತದೆ.

ಮೂತ್ರಪಿಂಡದ ಮುನ್ಸೂಚನೆ ರಕ್ತಕ್ಕಿಂತ ಮೊದಲು ಮೂತ್ರದಲ್ಲಿ ಸಿಗುವುದುಂಟು. ವರ್ಷಕ್ಕೊಮ್ಮೆ ಅಲ್ಬುಮಿನ್–ಕ್ರಿಯಾಟಿನಿನ್ ಅನುಪಾತ, ಅಂದರೆ ಮೂತ್ರಕ್ಕೆ ಸೋರುವ ಪ್ರೋಟೀನಿನ ಲೆಕ್ಕ ನೋಡಿಸಿ, ಬೆಳಗಿನ ಮೊದಲ ಮೂತ್ರ ಕೊಡಿ. 30 ದಾಟಿದರೆ ಕೂಡಲೇ ಗಾಬರಿ ಬೇಡ: ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಕಠಿಣ ದುಡಿಮೆಯಿಂದಲೂ ಅದು ಏರುತ್ತದೆ. ಮೂರರಿಂದ ಆರು ತಿಂಗಳೊಳಗೆ ಮೂರು ಬಾರಿ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಖಚಿತ. ಕಣ್ಣಿನ ಪರದೆಯ ಪರೀಕ್ಷೆಯೂ ಹಾಗೆಯೇ. ದೃಷ್ಟಿ ಚೆನ್ನಾಗಿರುವಾಗಲೇ ಮಾಡಿಸಬೇಕು.

ಇನ್ನು ಪಾದ. ನಮ್ಮ ಮಳೆಗಾಲದಲ್ಲಿ ಇದೇ ದೊಡ್ಡ ಚಿಂತೆ. ವೈದ್ಯರು 10 ಗ್ರಾಂ ಒತ್ತಡದ ನೈಲಾನ್ ಎಳೆಯನ್ನು ಪಾದಕ್ಕೆ ತಾಗಿಸಿ ಸ್ಪರ್ಶಜ್ಞಾನ ನೋಡುತ್ತಾರೆ. ಅದು ಗೊತ್ತಾಗದಿದ್ದರೆ ಗಮ್ ಬೂಟಿನೊಳಗಿನ ಕಲ್ಲು, ಜಿಗಣೆ ಕಚ್ಚಿದ ಗಾಯ ಕೂಡ ಗೊತ್ತಾಗುವುದಿಲ್ಲ. ತೋಟಕ್ಕೆ ಇಳಿಯುವ ಮುನ್ನ ಬೂಟು ಕೊಡವಿ, ಒಳಗೆ ಕೈಯಾಡಿಸಿ. ಸಂಜೆ ಸೋಪು ನೀರಿನಲ್ಲಿ ತೊಳೆದು ಬೆರಳ ಸಂದಿಯನ್ನೂ ಒರೆಸಿ, ಅಡಿಭಾಗ ಮನೆಯವರಿಂದ ನೋಡಿಸಿ. ಚಳಿಯೆಂದು ಒಲೆಯ ಮುಂದೆ ಕಾಲು ಚಾಚಬೇಡಿ: ಮರಗಟ್ಟಿದ ಕಾಲು ಸುಟ್ಟರೂ ತಿಳಿಯುವುದಿಲ್ಲ. ಉಣ್ಣೆಯ ಕಾಲುಚೀಲ ಹಾಕಿಕೊಳ್ಳಿ, ಅದೂ ಒಣಗಿದ್ದು.