ಕಬಿನಿ ಹಿನ್ನೀರಿನ ಹುಲ್ಲೂ ನಾಗರಹೊಳೆಯ ಹುಲಿಯೂ

ಈಗ ತೆರೆಯ ಮೇಲೆ ಕಾಣುತ್ತಿರುವ ಈ ವಿಶಾಲವಾದ ಹುಲ್ಲುಗಾವಲು ಮಳೆಗಾಲ ಮುಗಿಯುವ ಹೊತ್ತಿಗೆ ನೀರಿನಡಿಯಲ್ಲಿರುತ್ತದೆ. ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ದಕ್ಷಿಣದ ಅಂಚಿಗೆ ತಾಗಿಕೊಂಡಿರುವ ಇದು ಕಬಿನಿ ಜಲಾಶಯದ ಹಿನ್ನೀರಿನ ಪ್ರದೇಶ. ಆಚೆ ದಡದಲ್ಲಿರುವುದು ಬಂಡೀಪುರದ ಕಾಡು. 1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಪೂರ್ಣಗೊಂಡ ಮೇಲೆ ತಗ್ಗಿನ ಕಾಡಿನ ಜೊತೆಗೆ, ಮೈಸೂರು ಅರಸರ ಕಾಲದಿಂದ ಖೆಡ್ಡಾ ನಡೆಸಿ ಆನೆ ಹಿಡಿಯುತ್ತಿದ್ದ ಕಾಕನಕೋಟೆಯ ನೆಲವೂ ಮುಳುಗಿಹೋಯಿತು.

ಕಾಡನ್ನು ನುಂಗಿದ ಅದೇ ನೀರು ಇಂದು ಹುಲಿ ನೋಡುವ ಆಸೆಯಿಂದ ಬರುವವರಿಗೆ ನೆರವಾಗುತ್ತಿರುವುದು ಈ ಪ್ರವಾಸದಲ್ಲಿ ನನ್ನ ಕುತೂಹಲವನ್ನು ಹೆಚ್ಚು ಕೆರಳಿಸಿದ ಸಂಗತಿ. ಬೇಸಿಗೆಯಲ್ಲಿ ಒಳಗಾಡಿನ ಕೆರೆಗಳು ಒಂದೊಂದಾಗಿ ಬತ್ತುವಾಗ, ಇಲ್ಲಿ ಜಲಾಶಯದ ನೀರು ಹಿಂದೆ ಸರಿದಂತೆಲ್ಲ ತೇವ ಆರದ ಮಣ್ಣಿನಲ್ಲಿ ಎಳೆಹುಲ್ಲು ಚಿಗುರುತ್ತದೆ. ಆ ಹುಲ್ಲನ್ನು ಅರಸಿ ಆನೆಗಳ ಹಿಂಡುಗಳು, ಕಾಟಿಗಳು, ಜಿಂಕೆಗಳು ಬಯಲಿಗಿಳಿಯುತ್ತವೆ, ಅವುಗಳ ಬೆನ್ನಿಗೆ ಹುಲಿಯೂ ಬರುತ್ತದೆ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141, ಬಂಡೀಪುರದಲ್ಲಿ 150 ಹುಲಿಗಳಿವೆ ಎಂದು ಅಂದಾಜಿಸಲಾಯಿತು. ಇಷ್ಟು ಹುಲಿಗಳಿಗೆ ಆಹಾರ ಒದಗಿಸುತ್ತಿರುವ ಜಿಂಕೆ, ಕಡವೆ, ಕಾಟಿಗಳ ಸಂಖ್ಯೆ ಎಷ್ಟಿರಬೇಕೆಂದು ಯೋಚಿಸಿದರೆ, ಹುಲಿ ಕಾಣಲಿಲ್ಲವೆಂದು ಸಫಾರಿ ವಾಹನದಲ್ಲಿ ಮುಖ ಸಿಂಡರಿಸುವುದಕ್ಕೆ ಅರ್ಥವಿಲ್ಲ ಎನಿಸುತ್ತದೆ.

ಸಫಾರಿ ಹೊರಡುವ ದಮ್ಮನಕಟ್ಟೆಯಿಂದ ಒಳಗೆ ಹೋದ ಮೇಲೆ ದಾರಿಯ ಇಕ್ಕೆಲದಲ್ಲೂ ಲಂಟಾನ ಪೊದೆ ದಟ್ಟವಾಗಿ ಹಬ್ಬಿರುವುದರಿಂದ ಕಣ್ಣಿಗಿಂತ ಕಿವಿಯೇ ಹೆಚ್ಚು ಕೆಲಸ ಮಾಡಬೇಕಾಗುತ್ತದೆ. ಜಿಂಕೆ ಸಣ್ಣ ಅನುಮಾನಕ್ಕೂ ಕೂಗಿಬಿಡುತ್ತದೆ. ಮರದ ಮೇಲಿನ ಮುಸುವ ಹುಲಿಯನ್ನು ಕಂಡರೂ ಚಿರತೆಯನ್ನು ಕಂಡರೂ ಕೆಮ್ಮಿದಂತೆ ಎಚ್ಚರಿಕೆ ಕೊಡುತ್ತದೆ. ಆದರೆ ಕಡವೆಯ ಕೂಗು ಹೆಚ್ಚು ನಂಬಿಕೆಗೆ ಅರ್ಹವಾದ್ದರಿಂದ ಅದು ಕೂಗಿತೆಂದರೆ ಚಾಲಕರು ಎಂಜಿನ್ ನಿಲ್ಲಿಸಿ ಕಾಯುತ್ತಾರೆ. ನಾವೂ ಹಾಗೆಯೇ ಕಾದೆವು. ಪೊದೆಯಿಂದ ಹೊರಬಂದ ಹೆಣ್ಣುಹುಲಿ ನಮ್ಮತ್ತ ಕಣ್ಣೆತ್ತಿಯೂ ನೋಡದೆ ದಾರಿ ದಾಟಿ ಹಿನ್ನೀರಿನ ಕಡೆಗೆ ಇಳಿದುಹೋಯಿತು. ನಾನು ಚಿತ್ರೀಕರಿಸಿದ ಈ ಕೆಲವೇ ಸೆಕೆಂಡುಗಳಲ್ಲಿ ಅದರ ಬಲಮಗ್ಗುಲಿನ ಪಟ್ಟೆಗಳು ಸ್ಪಷ್ಟವಾಗಿ ಕಾಣುತ್ತವೆ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲವಾದ್ದರಿಂದಲೇ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ) ಚಿತ್ರಗಳಿಂದ ಹುಲಿಗಳನ್ನು ಗುರುತಿಸಿ ಅವುಗಳ ಸಂಖ್ಯೆಯನ್ನು ಅಂದಾಜಿಸಲು ಸಾಧ್ಯವಾಗಿದೆ. ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ಈ ವಿಧಾನವನ್ನು ರೂಪಿಸಿದ್ದು ಇದೇ ನಾಗರಹೊಳೆಯಲ್ಲಿ.

ಜೂನ್ ಕಳೆದು ವಯನಾಡಿನ ಮಳೆ ಕಬಿನಿಯನ್ನು ತುಂಬಿಸಿದಂತೆ ಈ ಹುಲ್ಲುಗಾವಲು ಮತ್ತೆ ಮುಳುಗುತ್ತದೆ, ಹಿಂಡುಗಳು ಚದುರುತ್ತವೆ. ಹಸಿರು ಕಾಡನ್ನು ಬಯಸುವವರು ಆಗ ಬರಬಹುದು. ಪ್ರಾಣಿಗಳನ್ನು ನೋಡಬೇಕೆನ್ನುವವರಿಗೆ ಏಪ್ರಿಲ್ ತಿಂಗಳ ಧೂಳು, ಬಿಸಿಲುಗಳೇ ಮೇಲು.