ದುಡ್ಡೇ ದೊಡ್ಡಪ್ಪ ಅನ್ನೋ ವಾರಿಯೋ

ಗೇಮ್ ಇರೋ ಕಾರ್ಟ್ರಿಡ್ಜ್ ಬಿಚ್ಚೋದು ವಿಡಿಯೋದಲ್ಲಿ ಕಾಣಿಸ್ತಾ ಇದೆ, ಅದನ್ನ ಮತ್ತೆ ಹೇಳಲ್ಲ. ಇದು ನಿಂಟೆಂಡೋದ ಕೈಯಲ್ಲಿ ಹಿಡಿದು ಆಡೋ ಗೇಮ್ ಬಾಯ್‌ದು, 'ವಾರಿಯೋ ಲ್ಯಾಂಡ್', 1994. ಒಳಗೆ ಒಂದು ಬಟನ್ ಸೆಲ್ ಇದೆ, ಸೇವ್ ಮಾಡಿದ್ದೆಲ್ಲ ಅದರ ಋಣದಲ್ಲಿರೋದು. ಈಗ ಅದು ಢಮಾರ್, ಹೊಸದು ಹಾಕ್ಬೇಕು. ಆನ್‌ಲೈನಲ್ಲಿ ಮಾರಿದ ಮಹಾನುಭಾವ 'ಟೆಸ್ಟೆಡ್, ವರ್ಕಿಂಗ್' ಅಂತ ಬರೆದಿದ್ದ. ಸುಳ್ಳಲ್ಲ ಬಿಡಿ, ಆಫ್ ಮಾಡೋವರೆಗೂ ವರ್ಕಿಂಗೇ. ಆಫ್ ಮಾಡಿದ್ರೆ ಕೂಡಿಟ್ಟ ಕಾಸೆಲ್ಲ ಗುಡಿಸಿ ಗುಂಡಾಂತರ.

ಬೇರೆ ಗೇಮ್ ಆಗಿದ್ರೆ ಹೋಗ್ಲಿ ಅನ್ಬಹುದಿತ್ತು. ಇದ್ರಲ್ಲಿ ಇರೋದೇ ಕಾಸು ಕೂಡಿಡೋದು! ಇದರ ಹೀರೋ ವಾರಿಯೋ ಇದ್ದಾನಲ್ಲ, 1992ರ ಗೇಮಲ್ಲಿ ಮಾರಿಯೋ ಕೋಟೆ ಕಬಳಿಸಿದ್ದ ವಿಲನ್ ಇವನೇ. ಅದು ಕೈತಪ್ಪಿತು, ಈಗ ಸ್ವಂತದ್ದೊಂದು ಬೇಕು. ರಾಜಕುಮಾರಿ ಗಿಜಕುಮಾರಿ ಏನಿಲ್ಲ. ಕೊನೇಲಿ ಎಷ್ಟು ಗುಡ್ಡೆ ಹಾಕಿದ್ದೀರೋ ಅಷ್ಟಕ್ಕೆ ತಕ್ಕ ಮನೆ: ಜುಜುಬಿ ಸಂಪಾದನೆಗೆ ಹಕ್ಕಿ ಗೂಡು, ಪೂರ್ತಿ ಬಾಚಿದ್ರೆ ಒಂದು ಗ್ರಹಾನೇ.

ಇನ್ನೊಂದು ಮಜಾ, ಲೆವೆಲ್ ಮುಗಿಸಿ ಹೊರಗೆ ಹೋಗೋ ಬಾಗಿಲಿಗೇ 10 ಕಾಯಿನ್ ಕಕ್ಬೇಕು. ಮಧ್ಯದ ಚೆಕ್‌ಪಾಯಿಂಟಿಗೂ, ಅಂದ್ರೆ ಸತ್ರೆ ಅಲ್ಲಿಂದಲೇ ಮತ್ತೆ ಶುರು ಮಾಡೋ ಜಾಗಕ್ಕೂ, 10. ಆ ಚೆಕ್‌ಪಾಯಿಂಟ್ ಮುಂದೆ ನಿಂತು, 'ಬೇಡ ಬಿಡು, ಸಾಯಲ್ಲ' ಅಂತ ಉಳಿಸೋಕೆ ಹೋಗ್ತೀವಲ್ಲ, ಆಗ ಜಿಪುಣ ಯಾರು, ಅವನಾ ನಾವಾ?

ಹಾಂ, ಸೆಲ್. ಇದರ ರೇಟ್ ಕೇಳಿ ಸ್ವಲ್ಪ. ಬರೀ ಸೆಲ್ 40 ರೂಪಾಯಿ. ಅದಕ್ಕೇ ಎರಡು ತಗಡಿನ ಚೂರು ಅಂಟಿಸಿದ್ರೆ 250! ತಗಡಿಗೆ 210 ರೂಪಾಯಾ? ಚಿನ್ನದ್ದಾ ಅಂತ ಕೇಳ್ದೆ. ಅಂಗಡಿಯವರು ತಲೆನೂ ಎತ್ತದೆ, 'ಬೇಕಾದ್ರೆ ತಗೊಳ್ಳಿ, ಬೇರೆ ಕಡೆ ಸಿಗಲ್ಲ' ಅಂದ್ರು. ಬರೀ ಸೆಲ್‌ಗೆ ನೇರವಾಗಿ ಸೋಲ್ಡರ್ ಹಾಕೋಣ ಅಂದ್ರೆ ಬಿಸಿಗೆ ಸಿಡಿಯೋ ಭಯ, ಅದೂ ಅವರಿಗೆ ಗೊತ್ತು. ಹಗಲು ದರೋಡೆ ಅಂತ ಬೈಕೊಂಡು ಕೊಟ್ಟೆ. ಈಗ ಅನ್ಸುತ್ತೆ, ಅವರೇ ವಾಸಿ. ಮುಖದ ಮೇಲೆ ರೇಟ್ ಹೇಳಿದ್ರು. ಆ 'ಟೆಸ್ಟೆಡ್' ಮಹಾನುಭಾವನ ಥರ ನಯವಾಗಿ ಟೋಪಿ ಹಾಕ್ಲಿಲ್ಲ.

ವಾರಿಯೋ ಇಷ್ಟ ಆಗೋದೂ ಅದಕ್ಕೇ. ದುಡ್ಡು ಬೇಕು ಅಂತಾನೆ, ಲೋಕೋದ್ಧಾರ ಅಂತ ಸುತ್ತು ಹಾಕಲ್ಲ. ಇವನದೇ ಇನ್ನೊಂದು ಗೇಮ್, 2008ರ 'ಶೇಕ್ ಇಟ್' ಆಡಿದ್ದೀರಾ? ಬಿಡಿಸಿದ ರಾಣಿ ಥ್ಯಾಂಕ್ಸ್ ಹೇಳೋಕೆ ಬಂದ್ರೆ ಅವಳನ್ನ ಆಚೆ ಎಸೆದು ಕಾಸಿನ ಚೀಲದ ಕಡೆ ಓಡ್ತಾನೆ. ಆ ಚೀಲಾನೂ ದಕ್ಕಲ್ಲ. ಈ ಕಾರ್ಟ್ರಿಡ್ಜ್ ಗೇಮಲ್ಲೂ ಅಷ್ಟೇ, ಕಷ್ಟಪಟ್ಟು ಹುಡುಕಿದ ಚಿನ್ನದ ಮೂರ್ತೀನ ಮಾರಿಯೋ ಹೆಲಿಕಾಪ್ಟರಲ್ಲಿ ಬಂದು ಎತ್ಕೊಂಡು ಹೋಗ್ತಾನೆ. ಪಾಪ ಅನ್ಸುತ್ತೆ.

ಪಾಪ ಏನಿಲ್ಲ, ತಡೀರಿ. 2003ರ ಗೇಮ್ 'ವಾರಿಯೋವೇರ್'ನಲ್ಲಿ ಇವನು ಗೇಮ್ ಕಂಪನಿ ಬೇರೆ ತೆಗೆದ. ಕೆಲಸ ಸ್ನೇಹಿತರದ್ದು, ಲಾಭ ಇವನದ್ದು. ಅಂಥ ಮ್ಯಾನೇಜರ್ ಹತ್ರ ಒಂದು ವಾರ ಕೆಲಸ ಮಾಡಿದ್ರೆ ಗೊತ್ತಾಗುತ್ತೆ, ಇಷ್ಟ ಗಿಷ್ಟ ಎಲ್ಲಾ ಇಳಿಯುತ್ತೆ. ಸ್ಕ್ರೀನಲ್ಲಿದ್ರೇ ಚೆಂದ ಅವನು. ಬೆಳ್ಳುಳ್ಳಿ ಅಂದ್ರೆ ಪ್ರಾಣ ಅವನಿಗೆ, ಅದರ ವಾಸನೆನೂ ಬರಲ್ಲ.

ಅಯ್ಯೋ, ಸೋಲ್ಡರ್ ಆರಿದೆ. ಸ್ಕ್ರೂ ಎಲ್ಲಿ? ಆನ್ ಮಾಡ್ತೀನಿ, ಒಂದು ಲೆವೆಲ್ ಮುಗಿಸಿ, ಆಫ್ ಮಾಡಿ, ಮತ್ತೆ ಆನ್. ಸೇವ್ ಉಳಿದಿದ್ರೆ ಮುಂದಿನ ಕ್ಲಿಪ್ ನೋಡಿ, ಉಳಿದಿಲ್ಲ ಅಂದ್ರೆ ಆ 250ನ ಬಗ್ಗೆ ಇನ್ನೂ ಮಾತಾಡೋದಿದೆ.