ಮಳೆ ಬಂದರೆ ಮಿಸ್ಸಿಂಗ್: ಅಪ್ಪನ 800ಕ್ಕೆ ಹೊಸ ಪ್ಲಗ್, ಹೊಸ ವೈರ್

ನೋಡಿ, ಬಾನೆಟ್ ಒಳಗೆ ಆ ನೀಲಿ ಕಿಡಿ. ಮತ್ತೆ ಬಂತು. ಟಿಕ್ ಟಿಕ್ ಅಂತ ಸದ್ದೂ ಕೇಳಿಸುತ್ತಿದೆ ಅಲ್ವಾ? ಮೂರು ವಾರದಿಂದ ಹುಡುಕುತ್ತಿದ್ದದ್ದು ಇದನ್ನೇ.

ಇದು ಅಪ್ಪನ 1997ರ ಮಾರುತಿ 800. ಕಾರ್ಬುರೇಟರ್ ಗಾಡಿ, ಅಂದರೆ ಗಾಳಿ ಪೆಟ್ರೋಲ್ ಬೆರೆಸಿ ಇಂಜಿನ್‌ಗೆ ಕೊಡುವ ಹಳೆ ಕಾಲದ ವ್ಯವಸ್ಥೆ. ಬಿಸಿಲಲ್ಲಿ ಚೆನ್ನಾಗೇ ಓಡುತ್ತದೆ. ಸಂಜೆ ಮಳೆ ಹಿಡಿದರೆ ಸಾಕು, ಮಿಸ್ಸಿಂಗ್ ಶುರು, ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ. ಇರುವುದೇ ಮೂರು ಸಿಲಿಂಡರ್, 796 ಸಿಸಿ. ಅದರಲ್ಲಿ ಒಂದು ಕೈಕೊಟ್ಟರೆ ಗಾಡಿ ಏನು ಎಳೆದೀತು? ಹೋದ ವಾರ ಬೆಂಗಳೂರಿನ ಮಿನರ್ವ ಸರ್ಕಲ್ ಸಿಗ್ನಲ್‌ನಲ್ಲಿ ಗಡಗಡ ನಡುಗಿ ನಿಂತೇಹೋಯಿತು. ಹಿಂದೆ ಬಸ್ಸಿನ ಹಾರನ್. ಅಪ್ಪ ತುಂಬಾ ಗಾಬರಿಯಾಗಿಬಿಟ್ಟರು. ಗ್ಯಾರೇಜಿನಲ್ಲಿ ತೋರಿಸಿದರೆ, ಕಾರ್ಬುರೇಟರ್ ಪೂರ್ತಿ ಬಿಚ್ಚಬೇಕು ಅಂದರು.

ಮಳೆಯಲ್ಲಿ ಮಾತ್ರ ಯಾಕೆ ಅನ್ನುವುದಕ್ಕೆ ಅಲ್ಲಿ ಉತ್ತರ ಸಿಗಲಿಲ್ಲ. ಅದಕ್ಕೇ ರಾತ್ರಿ ಲೈಟ್ ಆರಿಸಿ, ಇಂಜಿನ್ ಸ್ಟಾರ್ಟ್ ಮಾಡಿ, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರ್ ಮೇಲೆ ತುಂತುರು ನೀರು ಹೊಡೆದೆ. ಸಿಲಿಂಡರಿನೊಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವುದು ಪ್ಲಗ್, ಅದಕ್ಕೆ ಕರೆಂಟು ಒಯ್ಯುವುದು ಈ ವೈರ್. ಕೈ ಮಾತ್ರ ಹತ್ತಿರ ತರಬೇಡಿ. ಆ ವೈರಿನಲ್ಲಿರುವುದು 10,000 ವೋಲ್ಟಿಗೂ ಜಾಸ್ತಿ. ರಬ್ಬರ್ ಬಿರುಕು ಬಿಟ್ಟ ಕಡೆ ತೇವ ಸೇರಿದರೆ ಕರೆಂಟು ಪ್ಲಗ್‌ವರೆಗೆ ಹೋಗುವುದೇ ಇಲ್ಲ, ಪಕ್ಕದ ಲೋಹಕ್ಕೆ ಹಾರಿಬಿಡುತ್ತದೆ. ಹಾರುತ್ತಿದ್ದದ್ದು ಮಧ್ಯದ ಸಿಲಿಂಡರಿನ ವೈರಿನಿಂದ.

ಬೆಳಿಗ್ಗೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆ. ಅಂಗಡಿಯವರು ಮೊದಲು ಕೇಳಿದ್ದೇ, “ಕಾರ್ಬುರೇಟರಾ, ಎಂಪಿಎಫ್‌ಐ ಆ ಸಾರ್?” ಅಂತ. ಎಂಪಿಎಫ್‌ಐ ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿ. ಅಪ್ಪ ಮೈಕೋ ಪ್ಲಗ್ ಕೊಡಿ ಅಂದರು. ಆಡುಗೋಡಿಯ ಮೈಕೋ ಕಂಪನಿ 2008ರಲ್ಲೇ ಬಾಷ್ ಆಯಿತು. ಅಪ್ಪನ ಬಾಯಲ್ಲಿ ಮಾತ್ರ ಇನ್ನೂ ಮೈಕೋ. ಅಂಗಡಿಯವರಿಗೂ ತಕ್ಷಣ ಗೊತ್ತಾಯಿತು. ಮೂರು ಪ್ಲಗ್, ಒಂದು ಸೆಟ್ ವೈರ್ ತಂದೆವು.

ಇಂಜಿನ್ ಪೂರ್ತಿ ತಣ್ಣಗಾಗಲಿ. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ. ಬಿಸಿ ಇದ್ದಾಗ ತಿರುಗಿಸಿದರೆ ಥ್ರೆಡ್ ಕಿತ್ತುಬರಬಹುದು. ಪ್ಲಗ್ ಸುತ್ತಲಿನ ಧೂಳನ್ನೂ ಊದಿ ತೆಗೆಯಿರಿ, ಇಲ್ಲದಿದ್ದರೆ ಸೀದಾ ಸಿಲಿಂಡರಿಗೆ ಬೀಳುತ್ತದೆ. ವೈರ್ ಹಿಡಿದು ಎಳೆಯಬೇಡಿ, ತುದಿಯ ರಬ್ಬರ್ ಟೋಪಿ ಹಿಡಿದು ತಿರುಚಿ ಎಳೆಯಿರಿ. ಒಂದು ಸಲಕ್ಕೆ ಒಂದೇ. ಹಳೆಯದು ತೆಗೆದ ಜಾಗಕ್ಕೆ ಅಷ್ಟೇ ಉದ್ದದ ಹೊಸದು ಹಾಕಿ ಮುಂದಕ್ಕೆ ಹೋಗಿ. ಅದಲುಬದಲಾದರೆ ಗಾಡಿ ಸ್ಟಾರ್ಟೇ ಆಗದೆ ಇರಬಹುದು.

ಈಗ ಈ ಮೂರು ಹಳೆ ಪ್ಲಗ್ ನೋಡಿ. ನನಗೆ ತುಂಬಾ ಇಷ್ಟವಾದ ಭಾಗ ಇದು. ಆಚೆ ಈಚೆಯವು ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಚೆನ್ನಾಗಿ ಉರಿಯುತ್ತಿದೆ ಅಂತ ಅರ್ಥ. ಮಧ್ಯದ್ದು ಕಪ್ಪು, ಒದ್ದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಮೂರಕ್ಕೂ ಕಾರ್ಬುರೇಟರ್ ಒಂದೇ ಅಲ್ವಾ? ಅದು ಪೆಟ್ರೋಲ್ ಜಾಸ್ತಿ ಬಿಡುತ್ತಿದ್ದರೆ ಮೂರೂ ಕಪ್ಪಾಗಬೇಕಿತ್ತು. ಹಾಗಾಗಿ ತಪ್ಪು ವೈರಿನದೇ. ಬರೀ ಪ್ಲಗ್ ಬದಲಿಸಿ ಹಳೆ ವೈರ್ ಬಿಟ್ಟಿದ್ದರೆ, ನಾಲ್ಕು ಮಳೆಗೆ ಹೊಸದೂ ಹೀಗೇ ಆಗುತ್ತಿತ್ತು.

ಹೊಸ ಪ್ಲಗ್‌ನ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ತೆಳು ಅಳತೆ ಪಟ್ಟಿಗಳ ಫೀಲರ್ ಗೇಜ್‌ನಲ್ಲಿ ನೋಡಿದೆ, 0.8 ಮಿಲಿಮೀಟರ್ ಒಳಗಿದೆ. ಕೂರಿಸುವಾಗ ಮೊದಲು ಪಾನಾ ಮುಟ್ಟಬೇಡಿ. ಹಳೆ ರಬ್ಬರ್ ಪೈಪಿನ ತುಂಡಿಗೆ ಪ್ಲಗ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ. ಓರೆಯಾಗಿ ಕೂತರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಪೂರ್ತಿ ಕೂತ ಮೇಲೆ ಪಾನಾದಲ್ಲಿ ಸುಮಾರು ಅರ್ಧ ಸುತ್ತು. ಜೋರು ಮಾಡಬೇಡಿ. ವೈರಿನ ಟೋಪಿ ಟಕ್ ಅಂತ ಕೂರಬೇಕು.

ಮತ್ತೆ ಕತ್ತಲೆ, ಮತ್ತೆ ಅದೇ ಸ್ಪ್ರೇ ಬಾಟಲಿ. ನೋಡಿ, ಎಲ್ಲೂ ಕಿಡಿ ಇಲ್ಲ. ಐಡ್ಲಿಂಗ್ ಕೇಳಿ, ಒಂದೇ ಸಮ. ಅಪ್ಪ ಆಗಲೇ ಡ್ರೈವರ್ ಸೀಟಿನಲ್ಲಿ ಕೂತಾಯಿತು. ಮಳೆಗಾಲ ಮುಗಿದ ಮೇಲೆ ಮಧ್ಯದ ಪ್ಲಗ್ ಮತ್ತೆ ಬಿಚ್ಚುತ್ತೇನೆ. ಅದೂ ಕಾಫಿ ಬಣ್ಣಕ್ಕೆ ಬಂದಿದೆಯಾ ನೋಡಬೇಕು.